ಮೂಗಿನ ಸಾಕ್ಷಿ

ಲಗ್ಗೆರೆಯ ಹಿಂಬದಿ ಗಲ್ಲಿಯಲ್ಲಿರುವ ಜಗನ್ನಾಥನ ಪ್ಲೇಟಿಂಗ್ ಶೆಡ್ಡಿಗೆ ಹೋಗಿ ‘ಚಿಕ್ಕಹನುಮಯ್ಯ ಎಲ್ಲಿ?’ ಎಂದು ಕೇಳಿದರೆ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. ‘ಮೂಗಣ್ಣ ಎಲ್ಲಿ?’ ಎಂದರೆ ಥಟ್ಟನೆ ಕೈ ತೋರಿಸುತ್ತಿದ್ದರು. ಬಾಗಿಲ ಪಕ್ಕದ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು ಕೂತಿರುತ್ತಿದ್ದ. ಇಡೀ ಶೆಡ್ಡಿನಲ್ಲಿ ಕೂತು ಕೆಲಸ ಮಾಡುವ ಮನುಷ್ಯ ಅವನೊಬ್ಬನೇ. ಓನರ್ ಜಗನ್ನಾಥ ಕೂಡ ನಿಂತುಕೊಂಡೇ ಕಿರುಚುತ್ತಿದ್ದ.

ಆ ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ. ಶೆಡ್ಡಿನಲ್ಲಿ ಬಾಗಿಲ ಹಿಡಿ, ಬೈಕಿನ ಬಿಡಿಭಾಗ ಇಂಥವನ್ನೆಲ್ಲ ಬಿಸಿ ತೊಟ್ಟಿಗಳಲ್ಲಿ ಅದ್ದಿ ನಿಕ್ಕಲ್ಲು, ಸತುವಿನ ಲೇಪ ಕೊಡುತ್ತಾರೆ. ತೊಳೆದ ನೀರು, ಆಸಿಡ್ ನೀರು, ಎಲ್ಲ ಕೊಳಕೂ ಹರಿದು ಹಿಂದುಗಡೆಯ ಗುಂಡಿಗೆ ಸೇರುತ್ತದೆ. ಗುಂಡಿ ಎರಡಾಳು ಆಳ. ಹದಿನೈದು ದಿನಕ್ಕೊಂದು ಶನಿವಾರ ಯಾರಾದರೂ ಏಣಿ ಹಾಕಿ ಇಳಿದು ಅದರ ಕೆಸರನ್ನು ಬಕೆಟ್ಟಿಗೆ ತುಂಬಬೇಕು. ಆ ಕೆಸರಿನಲ್ಲಿ ಒಂದು ಗ್ಯಾಸು ಹುಟ್ಟುತ್ತದೆ, ಆಸಿಡ್ ಹೆಚ್ಚು ಬಿದ್ದಷ್ಟೂ ಹೆಚ್ಚು. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ, ಕಣ್ಣುರಿ. ಜಾಸ್ತಿ ಇದ್ದರೆ ಮನುಷ್ಯ ಕಡಿದ ಬಾಳೆಗಿಡದ ಹಾಗೆ ಬೀಳುತ್ತಾನೆ. ಮುಖಕ್ಕೆ ಮಾಸ್ಕು, ಸೊಂಟಕ್ಕೆ ಹಗ್ಗ, ಕೈಯಲ್ಲಿ ಗ್ಯಾಸ್ ಮೀಟರು ಇಲ್ಲದೆ ಯಾರೂ ಇಳಿಯಕೂಡದು ಎಂಬ ಕಾನೂನಿದೆ. ಜಗನ್ನಾಥ ಆ ಕಾನೂನಿಗೆ ಚೆಂದದ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದ್ದ. ಇಳಿಯುವವರಿಗೆ ಇದ್ದದ್ದು ಹನುಮಯ್ಯನ ಮೂಗು ಮಾತ್ರ.

ಹನುಮಯ್ಯ ಹೇರೋಹಳ್ಳಿಯ ಮೂಲದವನು. ಮೊದಲು ಅವನೂ ಎಲ್ಲರಂತೆ ಬಫಿಂಗ್ ಯಂತ್ರದ ಮುಂದೆ ನಿಂತು ಲೋಹ ಉಜ್ಜುತ್ತಿದ್ದ. ಹದಿನೈದು ವರ್ಷದ ಹಿಂದೆ ಒಂದು ಶನಿವಾರ ಜೊತೆಯ ಕೆಲಸಗಾರ ಸಿದ್ದಬಸಪ್ಪ ಕೆಸರೆತ್ತಲು ಏಣಿಯ ಮೇಲೆ ಒಂದು ಕಾಲಿಟ್ಟಿದ್ದಾಗ ಇವನು ಓಡಿಬಂದು ರಟ್ಟೆ ಹಿಡಿದು ಎಳೆದ. ‘ನಿಲ್ಲು, ಒಳಗೆ ಏನೋ ಐತೆ’ ಅಂದ. ಬೇರೆ ಯಾರ ಮೂಗಿಗೂ ಏನೂ ತಗುಲಿರಲಿಲ್ಲ. ಜಗನ್ನಾಥನ ಅಪ್ಪ ಆಗಿನ್ನೂ ಇದ್ದರು. ಕೆಲಸಗಳ್ಳ ಎಂದು ಬೈದು, ಪಕ್ಕದ ಕೋಳಿ ಅಂಗಡಿಯಿಂದ ಒಂದು ಕೋಳಿ ತರಿಸಿ ಬುಟ್ಟಿಯಲ್ಲಿಟ್ಟು ಗುಂಡಿಗೆ ಬಿಟ್ಟರು. ಮೇಲೆ ಎಳೆದಾಗ ಕೋಳಿಯ ಕತ್ತು ಜೋತುಬಿದ್ದಿತ್ತು. ಮುದುಕರು ಹೋಗಿ ತಮ್ಮ ಕುರ್ಚಿಯನ್ನೇ ತಂದು ಹನುಮಯ್ಯನ ಮುಂದಿಟ್ಟರು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಹನುಮಯ್ಯ ಗುಂಡಿಯ ಬಾಯಲ್ಲಿ ಮಂಡಿಯೂರಿ ಕೂತು, ಮೂರು ಸಲ ಉಸಿರೆಳೆದು, ‘ಇಳಿ’ ಅಥವಾ ‘ನಿಲ್ಲು’ ಎನ್ನಬೇಕು. ಅಲ್ಲಿಯವರೆಗೆ ಏಣಿಗೆ ಯಾರೂ ಕೈ ಹಚ್ಚುವಂತಿಲ್ಲ. ಸಿದ್ದಬಸಪ್ಪನಂತೂ ಸಿಕ್ಕಸಿಕ್ಕವರ ಮುಂದೆ ‘ನನ್ ಉಸಿರು ಹನುಮಣ್ಣನ ಮೂಗಲ್ಲೈತೆ ಗುರು’ ಎಂದು ಹೇಳಿಕೊಂಡು ತಿರುಗುತ್ತಿದ್ದ. ಇಬ್ಬರೂ ದಿನಾ ಒಟ್ಟಿಗೆ ಊಟಕ್ಕೆ ಕೂರುವವರು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವವರು.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಕತೆ. ಆದರೆ ಕೊರೋನಾದ ಎರಡನೇ ಸುತ್ತಿನಲ್ಲಿ ಹನುಮಯ್ಯನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಜ್ವರ ಬಂದು ಮಲಗಿದರು. ಇಬ್ಬರಿಗೂ ವಾಸನೆ ಹೋಯಿತು. ಹೆಂಡತಿ ವಿಮಲಮ್ಮನಿಗೆ ಮೂರು ವಾರಕ್ಕೆ ಒಗ್ಗರಣೆಯ ಘಮ ವಾಪಸ್ಸು ಬಂತು. ಹನುಮಯ್ಯನಿಗೆ ಬರಲೇ ಇಲ್ಲ. ಮೂವತ್ತು ವರ್ಷ ಆಸಿಡ್ ಹೊಗೆ ಕುಡಿದ ಮೂಗು. ಜ್ವರ ಒಂದು ನೆಪ. ಊದುಬತ್ತಿ ಮೂಸಿದ, ಸೀಮೆಎಣ್ಣೆ ಮೂಸಿದ, ಕೊನೆಗೆ ಅಮೃತಾಂಜನದ ಡಬ್ಬಿಯೊಳಗೇ ಮೂಗಿಟ್ಟ. ಉರಿ ಬಂತೇ ಹೊರತು ವಾಸನೆ ಬರಲಿಲ್ಲ.

‘ಓನರ್‌ಗೆ ಹೇಳ್ಬಿಡಿ’ ಅಂದಳು ವಿಮಲಮ್ಮ.

‘ಹೇಳಿ? ಕೈ ನಡುಗ್ತದೆ, ಬಫಿಂಗ್ ಆಗಲ್ಲ. ತೊಟ್ಟಿ ಹತ್ರ ನಿಲ್ಲಕ್ಕೆ ಮಂಡಿ ಬಿಡಲ್ಲ. ಮೂಗೂ ಇಲ್ಲ ಅಂದ್ರೆ ನಾನು ಅಲ್ಲಿ ಯಾರೇ?’

ಅಂದಿನಿಂದ ಅವಳೂ ಬಾಯಿಗೆ ಬೀಗ ಹಾಕಿಕೊಂಡಳು.

ಹನುಮಯ್ಯ ದಡ್ಡನಲ್ಲ. ಶನಿವಾರ ಬೆಳಗ್ಗೆ ಆರಕ್ಕೇ ಹೋಗಿ ಗುಂಡಿಯ ಮುಚ್ಚಳ ತೆಗೆಸಿ ಮೂರು ನಾಲ್ಕು ಗಂಟೆ ಗಾಳಿಯಾಡಿಸುತ್ತಿದ್ದ. ತನ್ನ ಬೆಳ್ಳಿಯುಂಗುರಕ್ಕೆ ದಾರ ಕಟ್ಟಿ ಯಾರೂ ಕಾಣದಂತೆ ಒಳಗೆ ಇಳಿಬಿಡುತ್ತಿದ್ದ. ಆ ಗ್ಯಾಸಿಗೆ ಬೆಳ್ಳಿ ಕಪ್ಪಾಗುತ್ತದೆಂದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಆಮೇಲೆ ಎಲ್ಲರೆದುರು ಮಂಡಿಯೂರಿ ಮೂರು ಸಲ ಮೂಗಿನ ಹೊಳ್ಳೆ ಅರಳಿಸುತ್ತಿದ್ದ. ಉಸಿರು ಮಾತ್ರ ಎಳೆಯುತ್ತಿರಲಿಲ್ಲ. ಒಳಗೆ ಏನಾದರೂ ಇದ್ದರೆ ತನಗೆ ತಿಳಿಯುವುದಿಲ್ಲವಲ್ಲ, ಆ ಭಯ. ತನ್ನ ಜೀವಕ್ಕೆ ಇಷ್ಟು ಹೆದರಿದವನು ಬೇರೆಯವರಿಗೆ ‘ಇಳಿ’ ಎನ್ನುತ್ತಿದ್ದ. ಎಂಥಾ ಮನುಷ್ಯ ಅನ್ನಿ, ನಾನೂ ಅದನ್ನೇ ಅನ್ನುತ್ತೇನೆ. ಆದರೂ ದೈವ ನೆಟ್ಟಗಿತ್ತು, ಮೂರು ವರ್ಷ ಯಾರಿಗೂ ಏನೂ ಆಗಲಿಲ್ಲ.

ಅಷ್ಟರ ಮಧ್ಯೆ ಒಂದು ದಿನ ಊಟಕ್ಕೆ ಕೂತಾಗ ಸಿದ್ದಬಸಪ್ಪನ ಡಬ್ಬಿಯ ಹುರುಳಿಕಾಳು ಬಸ್ಸಾರನ್ನು ಹನುಮಯ್ಯ ಅನ್ನಕ್ಕೆ ಸುರಿದುಕೊಂಡು ಎರಡು ತುತ್ತು ತಿಂದಿದ್ದ. ‘ಚೆನ್ನಾಗದೆ ಕಣೋ’ ಅಂದ. ಸಿದ್ದಬಸಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ತಟ್ಟೆ ಕಿತ್ತುಕೊಂಡು, ‘ನೊಣ ಬಿದ್ದೈತೆ’ ಎಂದು ಹೊರಗೆ ನಾಯಿಗೆ ಸುರಿದುಬಂದ. ಹನುಮಯ್ಯನಿಗೆ ನೊಣ ಕಂಡಿರಲಿಲ್ಲ. ಕಣ್ಣೂ ಮಂಜಾಯಿತು ಎಂದುಕೊಂಡ.

ಹೋದ ವರ್ಷ ರಾಗಿಣಿ ಮೇಡಂ ಬಂದರು. ಕೆಂಗೇರಿ ಆಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು, ಚಂದ್ರಾ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಸೋಪಿನ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಅದರ ಮುಖದಲ್ಲಿ ಅಂಚೆಚೀಟಿಯಷ್ಟು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ನೀಲಿ ಶಾಯಿ ಬಳಿದಂಥ ತೆಳುವಾದ ಪೊರೆ.

‘ಇದು ಆರ್ಗ್ಯಾನಿಕ್ ಸೆಮಿಕಂಡಕ್ಟರ್. ಸಾವಯವ ಅರೆವಾಹಕ ಅಂತಾರೆ’ ಅಂದರು.

‘ಸಾವಯವ ಬೆಲ್ಲ ಇದ್ದಂಗಾ ಮೇಡಂ?’ ಎಂದು ಸಿದ್ದಬಸಪ್ಪ ಕೇಳಿದ. ಎಲ್ಲರೂ ನಕ್ಕರು, ಮೇಡಮ್ಮೂ ನಕ್ಕರು.

‘ಬೆಲ್ಲದಲ್ಲಿರೋ ಇಂಗಾಲಾನೇ ಇದ್ರಲ್ಲೂ ಇರೋದು. ಇಂಗಾಲದ ಪದಾರ್ಥ, ಆದ್ರೆ ಕರೆಂಟ್ ಹರಿಯತ್ತೆ. ಗ್ಯಾಸಿನ ಕಣ ಬಂದು ಇದರ ಮೇಲೆ ಕೂತ್ರೆ ಕರೆಂಟ್ ಏರುಪೇರಾಗತ್ತೆ. ಹಸಿರು ದೀಪ ಇದ್ರೆ ಕ್ಷೇಮ, ಕೆಂಪು ಬಂದ್ರೆ ಅಪಾಯ. ದುಬಾರಿ ಮೀಟರ್ ಕೊಳ್ಳಕ್ಕಾಗದ ಇಂಥ ಶೆಡ್ಡುಗಳಿಗೆ ಅಂತಾನೇ ಮಾಡ್ತಾ ಇದೀವಿ.’

ಸಿದ್ದಬಸಪ್ಪ ಆ ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿದ. ಹನುಮಯ್ಯ ಮಾತ್ರ ತನ್ನ ಕುರ್ಚಿ ಬಿಟ್ಟು ಏಳಲಿಲ್ಲ. ಹದಿನೈದು ವರ್ಷದ ಕುರ್ಚಿಗೆ ಒಂದು ಸೋಪಿನ ಡಬ್ಬಿ ಕುತ್ತಾಗಿ ಬಂದಿತ್ತು.

ಪೆಟ್ಟಿಗೆಯನ್ನು ಗುಂಡಿಯ ಪಕ್ಕದ ಕಂಬಕ್ಕೆ ಕಟ್ಟಿದರು. ಆದರೆ ಅದಕ್ಕೊಂದು ದೌರ್ಬಲ್ಯ ಇತ್ತು. ತೊಟ್ಟಿಯ ಬಿಸಿ ಹಬೆ ಬಡಿದರೂ ಕೆಂಪಾಗುತ್ತಿತ್ತು. ಯಾವುದು ಹಬೆ, ಯಾವುದು ಗ್ಯಾಸು ಎಂದು ಅದಕ್ಕೆ ಕಲಿಸಬೇಕಿತ್ತು. ಕಲಿಸಲು ತಂದಿದ್ದ ಕಾಲೇಜಿನ ದುಬಾರಿ ಮೀಟರು ನಾಲ್ಕೇ ದಿನಕ್ಕೆ ಕೆಟ್ಟು ರಿಪೇರಿಗೆ ಹೋಯಿತು. ಮೇಡಂ ತಲೆ ಮೇಲೆ ಕೈ ಹೊತ್ತು ಕೂತಾಗ ಜಗನ್ನಾಥ ಎದೆಯುಬ್ಬಿಸಿ ಹೇಳಿದ.

‘ಮೀಟರ್ ಯಾಕೆ ಮೇಡಂ? ನಮ್ಮ ಹನುಮಯ್ಯ ಇಲ್ವಾ! ಕೋಳಿ ಸತ್ತಿದ್ದು ಕೇಳಿಲ್ವಾ ನೀವು?’

ಕೋಳಿಯ ಕತೆ ಕೇಳಿ ಅಷ್ಟು ಓದಿದ ಮೇಡಮ್ಮೂ ಬೆರಗಾದರು. ಹನುಮಯ್ಯನ ಕೈಗೊಂದು ಫೋನು ಕೊಟ್ಟು ಕಲಿಸಿದರು. ‘ದೀಪ ಕೆಂಪಾದಾಗೆಲ್ಲ ಹೋಗಿ ಮೂಸಿ ನೋಡಿ ಹನುಮಯ್ಯೋರೆ. ವಾಸನೆ ಇದ್ರೆ ನಿಜ ಅಂತ ಒತ್ತಿ. ಇಲ್ದಿದ್ರೆ ಸುಳ್ಳು ಅಂತ ಒತ್ತಿ. ನೀವು ಹೇಳಿದ್ದನ್ನ ಪೆಟ್ಟಿಗೆ ಕಲ್ಕೊಳ್ಳತ್ತೆ. ಇನ್ಮೇಲೆ ನೀವೇ ಇದರ ಮೇಷ್ಟ್ರು.’

ಆಗಲೇ ಹೇಳಬೇಕಿತ್ತು. ‘ಮೇಡಂ, ನನ್ ಮೂಗು ಸತ್ತು ಮೂರು ವರ್ಷ ಆಯ್ತು’ ಎಂಬ ಒಂದು ಮಾತು. ನಾಲಿಗೆಯ ತುದಿಗೆ ಬಂದಿತ್ತಂತೆ. ಅಷ್ಟರಲ್ಲಿ ಶೆಡ್ಡಿನವರೆಲ್ಲ ಮೇಷ್ಟ್ರು, ಮೇಷ್ಟ್ರು ಎಂದು ಚಪ್ಪಾಳೆ ತಟ್ಟಿದರು. ನಾಲಿಗೆ ಒಳಗೆ ಹೋಯಿತು.

ಎರಡು ತಿಂಗಳಲ್ಲಿ ದೀಪ ಮೂವತ್ತನಾಲ್ಕು ಸಲ ಕೆಂಪಾಯಿತು. ಮೂವತ್ತನಾಲ್ಕು ಸಲವೂ ಹನುಮಯ್ಯ ಹಿಂದುಗಡೆ ಹೋಗಿ, ಗುಂಡಿಯ ಹತ್ತಿರ ನಿಂತು, ‘ಸುಳ್ಳು’ ಎಂದು ಒತ್ತಿದ. ನಿಜ ಎಂದರೆ ಕೆಲಸ ನಿಲ್ಲುತ್ತದೆ, ಓನರ್ ಓಡಿಬಂದು ಎಲ್ಲಿ ವಾಸನೆ, ಎಂಥಾ ವಾಸನೆ ಎಂದು ಕೇಳುತ್ತಾನೆ. ಸುಳ್ಳು ಎಂದರೆ ಯಾರೂ ಏನೂ ಕೇಳುವುದಿಲ್ಲ. ಜೊತೆಗೆ, ಇವನು ಬಾಯಿಬಿಟ್ಟು ಹೇಳದಿದ್ದರೂ, ಪೆಟ್ಟಿಗೆಗೆ ಬುದ್ಧಿಯಿಲ್ಲ ಎಂದು ನಾಲ್ಕು ಜನ ಅಂದುಕೊಳ್ಳಲಿ ಎಂಬ ಹೊಟ್ಟೆಕಿಚ್ಚೂ ಇತ್ತು. ಒಮ್ಮೆ ಮಹದೇವ ಎಂಬ ತೊಟ್ಟಿಯ ಕೆಲಸದವನು ‘ಏನೋ ನಾತ ಬರ್ತೈತಲ್ಲಣ್ಣ’ ಎಂದಾಗ ‘ನಿಂದೇ ಇರ್ಬೇಕು, ಹೋಗಿ ಸ್ನಾನ ಮಾಡು’ ಎಂದು ಎಲ್ಲರನ್ನೂ ನಗಿಸಿದ್ದ. ಮೂಗಣ್ಣನೇ ಇಲ್ಲ ಎಂದಮೇಲೆ ಇಲ್ಲ. ಮಹದೇವನೂ ತನ್ನ ಮೂಗನ್ನು ನಂಬುವುದು ಬಿಟ್ಟ.

ಮಹದೇವ ಹಾಗಂದ ದಿನ ಮಾತ್ರ, ‘ಸುಳ್ಳು’ ಒತ್ತಿದ ಮೇಲೆ, ಹನುಮಯ್ಯ ಗುಟ್ಟಾಗಿ ಉಂಗುರ ಇಳಿಬಿಟ್ಟ. ಅರ್ಧ ಗಂಟೆಯ ಮೇಲೆ ಎತ್ತಿದಾಗ ಅದು ಹಳೇ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಒತ್ತಿದ್ದನ್ನು ಬದಲಾಯಿಸುವುದು ಹೇಗೆಂದು ಗೊತ್ತಿರಲಿಲ್ಲ; ಮೇಡಮ್ಮಿಗೆ ಫೋನು ಮಾಡಿದರೆ ಮೊದಲು ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿಯಾರು. ಮನೆಗೆ ಬಂದು ಹಲ್ಲುಪುಡಿ ಹಾಕಿ ಉಂಗುರ ಉಜ್ಜುತ್ತಾ ಕೂತ. ವಿಮಲಮ್ಮ ನೋಡಿ ಒಲೆಯ ಕಡೆ ತಿರುಗಿದಳು.

ಮೇಷ್ಟ್ರ ಪಾಠ ಚೆನ್ನಾಗಿ ನಾಟಿತು. ಮೂರನೇ ತಿಂಗಳಿಂದ ಪೆಟ್ಟಿಗೆ ಕೆಂಪಾಗುವುದೇ ನಿಂತುಹೋಯಿತು. ರಾಗಿಣಿ ಮೇಡಂ ಸಿಹಿ ಹಂಚಿದರು. ಇಳಿಯುವ ಶನಿವಾರಗಳಲ್ಲಿ ಹನುಮಯ್ಯ ಮೂಗರಳಿಸಿ ‘ಇಳಿ’ ಅನ್ನುತ್ತಿದ್ದ. ಸಿದ್ದಬಸಪ್ಪ ಏಣಿಗೆ ಕಾಲಿಡುವ ಮುಂಚೆ ಕಂಬದ ಕಡೆ ಒಂದು ಸಲ ಕಣ್ಣು ಹಾಯಿಸುತ್ತಿದ್ದ. ಹೊಸ ವಸ್ತುವಿನ ಹುಚ್ಚು ಎಂದು ಹನುಮಯ್ಯ ಅದನ್ನು ಲೆಕ್ಕಕ್ಕಿಡಲಿಲ್ಲ.

ಆಷಾಢದ ಒಂದು ಶನಿವಾರ ಹನ್ನೊಂದು ಗಂಟೆಗೆ ಶೆಡ್ಡು ನೋಡಲು ಅಧಿಕಾರಿಗಳು ಬರುವವರಿದ್ದರು. ಅವರ ಕಣ್ಣಿಗೆ ಬೀಳದಿರಲೆಂದು ಹಿಂದಿನ ಸಂಜೆ ಜಗನ್ನಾಥ ಹಳೇ ಆಸಿಡ್ಡನ್ನೆಲ್ಲ ಗುಂಡಿಗೆ ಸುರಿಸಿದ್ದ. ಅದು ಇಳಿಯುವ ಶನಿವಾರವೂ ಅಲ್ಲ, ಸಾಲದ್ದಕ್ಕೆ ರಾತ್ರಿಯೆಲ್ಲ ಮಳೆ, ಹಾಗಾಗಿ ಮುಚ್ಚಳ ಹಾಕಿಯೇ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಬಂದವನೇ ಜಗನ್ನಾಥ ಕೆಸರೆತ್ತಿ ಎಂದು ಕೂಗಾಡಿದ.

‘ಎರಡು ಗಂಟೆ ಗಾಳಿ ಆಡ್ಲಿ ಸಾರ್’ ಅಂದ ಹನುಮಯ್ಯ.

‘ಎರಡು ಗಂಟೆ ಬಿಟ್ರೆ ಅವ್ರು ಬಂದು ಕೂತಿರ್ತಾರೆ. ಮೂಗು ಇಟ್ಕೊಂಡು ಗಾಳಿ ಯಾಕೋ ನಿಂಗೆ? ಮೂಸಿ ಹೇಳು. ನಿಲ್ಲು ಅಂತೀಯಾ, ಈಗ್ಲೇ ಕೋಳಿ ತರಿಸ್ತೀನಿ. ಕೋಳಿ ಬದುಕಿ ಬಂತೋ, ಆ ಕುರ್ಚಿ ಇವತ್ತೇ ಗುಜರಿಗೆ.’

ಹುಡುಗರು ಮುಚ್ಚಳ ಸರಿಸಿದರು. ಹನುಮಯ್ಯ ಮಂಡಿಯೂರಿದ. ಉಂಗುರ ಬಿಡಲು ಹೊತ್ತಿಲ್ಲ. ಎಲ್ಲರೂ ಸುತ್ತ ನಿಂತಿದ್ದಾರೆ. ಉಸಿರು ಬಿಗಿಹಿಡಿದು ಮೂರು ಸಲ ಹೊಳ್ಳೆ ಅರಳಿಸಿದ. ಕೋಳಿ ಬದುಕಿ ಬಂದರೆ? ಮೂರು ವರ್ಷ ಏನೂ ಆಗಿಲ್ಲ, ಇವತ್ತೂ ಆಗಲಿಕ್ಕಿಲ್ಲ ಎಂದು ಮನಸ್ಸು ಹೇಳಿತು. ಕುರ್ಚಿ ಉಳಿಸಿಕೊಳ್ಳಬೇಕಾದಾಗ ಮನಸ್ಸು ಹಾಗೆಯೇ ಹೇಳುತ್ತದೆ.

‘ಇಳಿ’ ಅಂದ.

ಕಂಬದ ಮೇಲೆ ದೀಪ ಹಸಿರಾಗಿತ್ತು. ಸಿದ್ದಬಸಪ್ಪ ಅದನ್ನೊಮ್ಮೆ ನೋಡಿ ಇಳಿದ. ಐದನೇ ಮೆಟ್ಟಿಲಿಗೆ ಅವನ ಕೈ ಸಡಿಲವಾಯಿತು. ಕೂಗಲೂ ಇಲ್ಲ. ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದದ್ದು ಮೇಲಿಂದ ಕಾಣುತ್ತಿತ್ತು. ಮಹದೇವ ಹಿಂದೆಯೇ ಇಳಿಯಹೋದ. ಹನುಮಯ್ಯ ಅವನ ಕಾಲು ತಬ್ಬಿ ಹಿಡಿದು ‘ಬ್ಯಾಡ ಕಣೋ, ಬ್ಯಾಡ ಕಣೋ’ ಎಂದು ಅರಚಿದ. ಫೈರ್ ಇಂಜಿನ್ನಿನವರು ಬಂದು ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಜಗನ್ನಾಥ ಕೈ ತೊಳೆದುಕೊಳ್ಳಲು ತಡಮಾಡಲಿಲ್ಲ. ಕಾಲೇಜಿನವರ ಪೆಟ್ಟಿಗೆ ಹಸಿರು ತೋರಿಸಿತು, ಅದನ್ನು ನಂಬಿ ಕೆಟ್ಟೆವು ಎಂದು ಪೊಲೀಸರಿಗೆ ಬರೆಸಿಕೊಟ್ಟ. ಹನುಮಯ್ಯನ ‘ಇಳಿ’ಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಗೋಡೆಯ ಮೇಲಿನ ಫ್ರೇಮಿನ ಬದಲು ಒಬ್ಬ ಮುದುಕನ ಮೂಗನ್ನು ಇಟ್ಟುಕೊಂಡಿದ್ದರೆಂಬುದೂ ಹೊರಬರುತ್ತದಲ್ಲ. ‘ಇನ್ನು ಮಿಷಿನ್ನೂ ಬೇಡ, ಗಿಷಿನ್ನೂ ಬೇಡ. ನಿನ್ನ ಮೂಗೇ ಸರಿ’ ಎಂದು ಜಗನ್ನಾಥ ಅವನ ಬೆನ್ನು ತಟ್ಟಿದ. ಕುರ್ಚಿ ಉಳಿಯಿತು.

ನಾಲ್ಕು ದಿನ ಬಿಟ್ಟು ರಾಗಿಣಿ ಮೇಡಂ ಹೇರೋಹಳ್ಳಿಯ ಮನೆಗೇ ಬಂದರು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಪೊರೆಯ ಕರೆಂಟಿನ ಏರಿಳಿತದ ಒಂದು ಗೆರೆ ತೋರಿಸಿದರು. ಗೆರೆ ನೆಟ್ಟಗೆ ಬಂದು, ಆ ಶನಿವಾರ ಬೆಳಗ್ಗೆ ಮುಚ್ಚಳ ತೆಗೆದ ಕ್ಷಣದಲ್ಲಿ ಪಾತಾಳಕ್ಕೆ ಬಿದ್ದಿತ್ತು.

‘ನೋಡಿ, ನನ್ನ ಪೊರೆಗೆ ಗೊತ್ತಾಗಿತ್ತು. ಒಂದೇ ಸೆಕೆಂಡಿಗೆ ಗೊತ್ತಾಗಿತ್ತು. ಆದ್ರೆ ಇಂಥದ್ದು ಬಂದ್ರೆ ಅದು ಬರೀ ಹಬೆ, ಬಿಟ್ಬಿಡು ಅಂತ ಮೂವತ್ನಾಲ್ಕು ಸಲ ಕಲ್ತಿತ್ತು. ಅದಕ್ಕೆ ಹಸಿರು ತೋರಿಸ್ತು. ಈ ಗ್ಯಾಸು ಜಾಸ್ತಿ ಆದಾಗ ಮೊದ್ಲು ಮೂಗನ್ನೇ ಸಾಯ್ಸತ್ತೆ ಅಂತ ಓದಿದೀನಿ ನಾನು. ಓದಿದ್ದೂ ಮೂಗನ್ನ ನಂಬ್ದೆ. ತಪ್ಪು ನಂದು. ಒಂದೇ ಒಂದು ಹೇಳಿ ಹನುಮಯ್ಯೋರೆ, ಆ ಮೂವತ್ನಾಲ್ಕು ಸಲದಲ್ಲಿ ಒಂದ್ಸಲಾನೂ ವಾಸನೆ ಬರ್ಲಿಲ್ವಾ?’

‘ಇಲ್ಲ ಮೇಡಂ’ ಅಂದ ಹನುಮಯ್ಯ. ಆ ಮಾತು ಅಕ್ಷರಶಃ ನಿಜವೇ ಆಗಿತ್ತು, ಅದೇ ಅಸಹ್ಯ. ಒಳಗೆ ಬಾಗಿಲ ಹಿಂದೆ ವಿಮಲಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

ಅವನಿಗೆ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ಆದರೂ ಒಂದು ಸಣ್ಣ ಆಸರೆ ಹಿಡಿದುಕೊಂಡಿದ್ದ. ಪೆಟ್ಟಿಗೆಗೆ ಏನು ಕಲಿಸಿದರೇನು, ಅದನ್ನು ನೋಡುತ್ತಿದ್ದವರಾದರೂ ಯಾರು? ಸಿದ್ದಬಸಪ್ಪ ಇಳಿದದ್ದು ತನ್ನ ಮಾತಿಗೆ. ತಪ್ಪು ಅಂದರೆ ಆ ಒಂದು ‘ಇಳಿ’. ಅದನ್ನು ಹೋಗಿ ಅವನ ಹೆಂಡತಿಯ ಕಾಲಿಗೆ ಬಿದ್ದು ಹೇಳಿಬಿಡಬೇಕು, ಆಮೇಲೆ ಕುರ್ಚಿ ಬಿಡಬೇಕು, ಅಲ್ಲಿಗೆ ಮುಗಿಯಿತು ಎಂದು ಗಟ್ಟಿಮಾಡಿಕೊಂಡ.

ಸಿದ್ದಬಸಪ್ಪನ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಮಾರನೇ ದಿನ ಲಗ್ಗೆರೆಯಲ್ಲಿ ಅವರಿದ್ದ ಬಾಡಿಗೆ ಮನೆಗೆ ಹೋದ. ಅವನ ಹೆಂಡತಿ ಬಸವರಾಜೇಶ್ವರಿ ಚಾಪೆ ಹಾಸಿ ಕೂರಿಸಿ ಕಾಫಿ ತಂದಿಟ್ಟಳು. ಗೋಡೆಯ ಮೇಲೆ ಸಿದ್ದಬಸಪ್ಪನ ಫೋಟೋ, ವಿಭೂತಿ ಹಚ್ಚಿದ್ದು. ಹನುಮಯ್ಯ ‘ತಾಯಿ, ನಿಂಗೊಂದು ಮಾತು ಹೇಳ್ಬೇಕು. ನನ್ ಮೂಗು...’ ಎಂದು ಶುರುಮಾಡಿದ.

‘ಗೊತ್ತು ಬಿಡಿ ಅಣ್ಣ’ ಅಂದಳು ಅವಳು.

ಹನುಮಯ್ಯ ತಲೆಯೆತ್ತಿದ.

‘ಅವ್ರಿಗೂ ಗೊತ್ತಿತ್ತು. ಎರಡು ವರ್ಷ ಆಯ್ತು. ನಾನು ಕಟ್ಟಿದ್ದ ಬಸ್ಸಾರು ಹಳಸೋಗಿತ್ತಂತೆ, ಡಬ್ಬಿ ತೆಗೆದ್ರೆ ನಾತ, ನೀವು ಚೆನ್ನಾಗದೆ ಅಂತ ತಿಂದ್ರಂತೆ. ಅವತ್ತು ಮನೆಗೆ ಬಂದು ಹನುಮಣ್ಣನ ಮೂಗು ಹೋಗೈತೆ ಕಣೇ ಅಂತ ಅತ್ಬಿಟ್ರು. ಯಾರಿಗೂ ಹೇಳ್ಬ್ಯಾಡ, ಅವ್ನು ನನ್ ಪ್ರಾಣ ಉಳಿಸಿದವ್ನು, ಅವ್ನ ಕುರ್ಚಿ ನನ್ ಬಾಯಿಂದ ಹೋಗಬಾರ್ದು ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡ್ರು. ಆಮೇಲೆ ಪ್ರತಿ ಸಲ ಇಳಿಯೋ ಮುಂಚೆ ಶಿವಾ ಅಂದ್ಕೊಂಡು ಇಳೀತಿದ್ರು. ಮೇಡಂ ತಂದ ಆ ದೀಪದ ಡಬ್ಬಿ ಬಂದ್ಮೇಲೇನೇ ಅವ್ರಿಗೆ ಜೀವ ಬಂದಿದ್ದು. ಇನ್ಮೇಲೆ ಅವನ ಮಾತು ಕೇಳಿದಂಗೆ ಮಾಡ್ತೀನಿ, ದೀಪ ನೋಡ್ಕೊಂಡು ಇಳೀತೀನಿ, ಅವನ ಮರ್ಯಾದೆನೂ ಉಳೀತು ನನ್ ಜೀವಾನೂ ಉಳೀತು ಅಂತ ನಗ್ತಿದ್ರು.’ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಅದ್ಕೇ ಹೇಳ್ತೀನಿ, ನೀವು ಮನಸ್ಸಿಗೆ ಹಚ್ಕೋಬ್ಯಾಡಿ ಅಣ್ಣ. ಅವ್ರು ನಿಮ್ ಮಾತಿಗೆ ಇಳಿದಿಲ್ಲ. ಆ ಹಾಳು ಡಬ್ಬಿ ಮೋಸ ಮಾಡ್ತು. ನಿಮ್ ತಪ್ಪು ಏನೂ ಇಲ್ಲ.’

ಹನುಮಯ್ಯ ಕೈಯ ಲೋಟವನ್ನು ತುಟಿಯಿಂದ ಇಳಿಸಿದ. ಹಿಡಿದುಕೊಂಡಿದ್ದ ಆಸರೆಯೂ ಹೋಯಿತು. ಎದ್ದುಹೋಗಬಹುದಿತ್ತು. ಅವಳು ಕ್ಷಮಿಸಿಯೇ ಆಗಿತ್ತು, ಕೇಳುವವರು ಯಾರೂ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಸುಳ್ಳು ಹೇಳುವ ಶಕ್ತಿ ಸಾಲಲಿಲ್ಲ.

‘ಆ ಡಬ್ಬಿಗೆ ಏನೂ ಗೊತ್ತಿರ್ಲಿಲ್ಲ ತಾಯಿ. ಅದಕ್ಕೆ ಕಲಿಸಿದವ್ನು ನಾನೇ’ ಅಂದ. ಕೆಂಪು ದೀಪ, ಕೈಗೆ ಕೊಟ್ಟ ಫೋನು, ಒತ್ತಿದ ಸುಳ್ಳು, ಕಪ್ಪಾದ ಉಂಗುರ, ಹಲ್ಲುಪುಡಿ, ಒಂದನ್ನೂ ಬಿಡದೆ ಹೇಳಿದ.

ಬಸವರಾಜೇಶ್ವರಿ ಕೊನೆಯವರೆಗೂ ಕೇಳಿಸಿಕೊಂಡಳು.

‘ಮೂವತ್ನಾಲ್ಕು ಸಲಾನೂ?’

‘ಮೂವತ್ನಾಲ್ಕು ಸಲಾನೂ.’

ಅವಳು ಬಗ್ಗಿ ಅವನ ಕೈಯಿಂದ ಲೋಟ ತೆಗೆದುಕೊಂಡಳು. ಉಳಿದಿದ್ದ ಕಾಫಿಯನ್ನು ಬಚ್ಚಲಿಗೆ ಸುರಿದು, ಲೋಟವನ್ನು ಅಲ್ಲೇ ಬಿಟ್ಟು, ಬಂದು ಬಾಗಿಲು ತೆರೆದು ಹಿಡಿದಳು.

‘ಎದ್ದು ಹೋಗು’ ಅಂದಳು. ಇಪ್ಪತ್ತು ವರ್ಷದಲ್ಲಿ ಅವಳು ಅವನನ್ನು ಅಣ್ಣ ಅನ್ನದೆ ಮಾತಾಡಿಸಿದ್ದು ಅದೇ ಮೊದಲು.